ಬೂದಿ ಮುಚ್ಚಿದ ಕೆಂಡ

ಮಕ್ಕಳ ಸ್ಥೂಲತೆ: ಹೊಣೆ ಯಾರದು?

ದೀಪಾವಳಿಯ ರಜೆಗೆ ಊರಿನಿಂದ ಬಂದ ಅಜ್ಜಿ ಪುಣೆಯ ಫ್ಲ್ಯಾಟಿನ ಹೊಸ್ತಿಲಲ್ಲಿ ನಿಂತು ಮೊಮ್ಮಗನನ್ನು ನೋಡಿದೊಡನೆ ಆಡುವ ಮಾತು ಸಾಮಾನ್ಯವಾಗಿ ಎರಡರಲ್ಲೊಂದು. ಮಗು ತೆಳ್ಳಗಿದ್ದರೆ, "ಏನವ್ವಾ ಇದು, ಕೂಸಿನ ಹೊಟ್ಟಿಗೆ ಏನೂ ಹಾಕೂದಿಲ್ಲೇನು? ಎಷ್ಟು ಸೊರಗ್ಯದ ನೋಡು!" ಮಗು ಗುಂಡಗಿದ್ದರೆ, "ನನ್ನ ಬಂಗಾರ ಮೈಕೈ ತುಂಬಿಕೊಂಡು ಹೆಂಗ ಆಗ್ಯಾನ ನೋಡು! ಸಂಜಿಗೆ ದೃಷ್ಟಿ ತೆಗೀಬೇಕು." ಮೊದಲನೆಯದು ಸೊಸೆಗೆ ಆರೋಪಪಟ್ಟಿ, ಎರಡನೆಯದು ಪ್ರಶಸ್ತಿಪತ್ರ. ಬರಗಾಲಗಳನ್ನು ಕಣ್ಣಾರೆ ಕಂಡ, ಒಂದು ಹೊತ್ತಿನ ರೊಟ್ಟಿಯನ್ನು ಮನೆಮಂದಿಗೆಲ್ಲ ಹಂಚಿದ ತಲೆಮಾರಿನ ಹಿರಿಯರಿಗೆ ಮಗುವಿನ ತುಂಬಿದ ಕೆನ್ನೆಯೇ ಮನೆಯ ಸಮೃದ್ಧಿಯ ಗುರುತು. ಅವರನ್ನು ಹಳಿಯುವುದು ನ್ಯಾಯವಲ್ಲ.

ಆದರೆ ಅದೇ ಮಗು ಶಾಲೆಯ ವೈದ್ಯಕೀಯ ತಪಾಸಣೆಯ ದಿನ ಮನೆಗೆ ತರುವ ಚೀಟಿಯಲ್ಲಿ ಬೇರೊಂದು ತೀರ್ಪು ಇರುತ್ತದೆ: ತೂಕ ವಯಸ್ಸಿಗೆ ಮೀರಿದ್ದು, ವೈದ್ಯರನ್ನು ಕಾಣುವುದು. ಅಂದಿನಿಂದ ಮನೆಯಲ್ಲಿ ಮೊಕದ್ದಮೆಯೊಂದು ಆರಂಭವಾಗುತ್ತದೆ. ತಂದೆ ತಾಯಿಯ ಕಡೆ ನೋಡುತ್ತಾನೆ. ತಾಯಿ ಅತ್ತೆ ಕೊಟ್ಟ ಉಂಡೆಗಳ ಡಬ್ಬಿಯ ಕಡೆ ನೋಡುತ್ತಾಳೆ. ಅತ್ತೆ ಹೊರಗಿನ ತಿಂಡಿಯ ಪೊಟ್ಟಣಗಳ ಕಡೆ ಬೆರಳು ಮಾಡುತ್ತಾರೆ. ಕೊನೆಗೆ ಎಲ್ಲರೂ ಸೇರಿ ಹತ್ತು ವರ್ಷದ ಮಗುವಿಗೆ "ಬಾಯಿ ಕಟ್ಟು" ಎಂದು ಉಪದೇಶಿಸುತ್ತಾರೆ. ಶಾಲೆಯಲ್ಲಿ ಡುಮ್ಮ ಎಂದು ಕರೆಸಿಕೊಂಡು ಬಂದ ಮಗುವಿಗೆ ಮನೆಯಲ್ಲಿಯೂ ಆಶ್ರಯವಿಲ್ಲದಂತಾಗುತ್ತದೆ.

ಈ ಮೊಕದ್ದಮೆಯಲ್ಲಿ ಆರೋಪಿಯ ಸ್ಥಾನದಲ್ಲಿ ನಿಂತವರಾರೂ ನಿಜವಾದ ಅಪರಾಧಿಗಳಲ್ಲ ಎಂಬುದನ್ನು ಕಳೆದ ಮೂವತ್ತು ವರ್ಷಗಳ ವಿಜ್ಞಾನವು ಮೆಲ್ಲಮೆಲ್ಲನೆ ತೋರಿಸಿಕೊಟ್ಟಿದೆ. ಅದೇ ವಿಜ್ಞಾನವು, ವಿಷಯವನ್ನು ಹಗುರವಾಗಿ ಕಾಣುವಂತಿಲ್ಲವೆಂದೂ ಎಚ್ಚರಿಸಿದೆ. ಈ ಎರಡು ಮಾತುಗಳನ್ನೂ ಒಟ್ಟಿಗೆ ಹಿಡಿದು ವಿಚಾರಿಸುವುದು ಮಹಾನಗರಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರಿಗೆ ಅತ್ಯವಶ್ಯವಾಗಿದೆ.

ಗಾಯವಿಲ್ಲದ ಉರಿ

ಆಟವಾಡುವಾಗ ಮೊಣಕಾಲು ತರಚಿದರೆ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದಿಕೊಳ್ಳುತ್ತದೆ, ನೋಯುತ್ತದೆ. ಈ ನಾಲ್ಕು ಲಕ್ಷಣಗಳ ಕೂಟಕ್ಕೆ ವೈದ್ಯರು ಉರಿಯೂತವೆಂದು ಹೆಸರಿಟ್ಟಿದ್ದಾರೆ. ಇದು ದೇಹದ ಶತ್ರುವಲ್ಲ, ಕಾವಲುಗಾರ. ಬಿಳಿಯ ರಕ್ತಕಣಗಳು ಗಾಯದ ಸ್ಥಳಕ್ಕೆ ಧಾವಿಸಿ, ಹೊಕ್ಕ ಸೂಕ್ಷ್ಮಜೀವಿಗಳನ್ನು ನುಂಗಿ, ಸತ್ತ ಕೋಶಗಳನ್ನು ಗುಡಿಸಿ, ಕೆಲಸ ಮುಗಿದ ಮೇಲೆ ಹಿಂದಿರುಗುತ್ತವೆ. ಕೆಲವೇ ದಿನಗಳಲ್ಲಿ ಎಲ್ಲವೂ ಶಾಂತವಾಗುತ್ತದೆ.

ಸ್ಥೂಲತೆಯಲ್ಲಿ ಕಾಣುವ ಉರಿಯೂತದ ಬಗೆಯೇ ಬೇರೆ. ಅಲ್ಲಿ ಗಾಯವಿಲ್ಲ, ನೋವಿಲ್ಲ, ಜ್ವರವಿಲ್ಲ. ಮಗು ನಗುನಗುತ್ತಲೇ ಇರುತ್ತದೆ. ಬೂದಿ ಮುಚ್ಚಿದ ಕೆಂಡದಂತೆ ಮೇಲೆ ಏನೂ ಕಾಣದೆ ಒಳಗೆ ಮಂದವಾದ ಉರಿಯೊಂದು ವರ್ಷಗಟ್ಟಲೆ ಉಳಿದಿರುತ್ತದೆ. ಅದರ ಮೂಲವಿರುವುದು ಕೊಬ್ಬಿನ ಅಂಗಾಂಶದಲ್ಲಿ.

ಕೊಬ್ಬೆಂದರೆ ಹೆಚ್ಚಾದ ಶಕ್ತಿಯನ್ನು ಕೂಡಿಡುವ ನಿರ್ಜೀವ ಉಗ್ರಾಣವೆಂಬ ಭಾವನೆ ಬಹುಕಾಲ ಇದ್ದಿತು. 1993ರಲ್ಲಿ ಅಮೆರಿಕದ ಹೊತಾಮಿಸ್ಲಿಗಿಲ್, ಸ್ಪೀಗಲ್‌ಮನ್ ಮತ್ತು ಸಂಗಡಿಗರು ಸ್ಥೂಲಕಾಯದ ಪ್ರಾಣಿಗಳ ಕೊಬ್ಬಿನಿಂದಲೇ ಟಿಎನ್‌ಎಫ್-ಆಲ್ಫಾ ಎಂಬ ಉರಿಯೂತದ ರಾಸಾಯನಿಕವು ಹೊರಡುತ್ತದೆಯೆಂದೂ, ಅದು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಬರುತ್ತದೆಯೆಂದೂ ತೋರಿಸಿದರು. ಮರುವರ್ಷ, ಹಸಿವನ್ನು ಹತೋಟಿಯಲ್ಲಿಡುವ ಲೆಪ್ಟಿನ್ ಎಂಬ ರಸವು ಕೊಬ್ಬಿನಲ್ಲೇ ಹುಟ್ಟುವುದೆಂದು ಗೊತ್ತಾಯಿತು. 2003ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಇನ್ನೊಂದು ಸಂಗತಿಯನ್ನು ಕಂಡವು: ಕೊಬ್ಬು ಬೆಳೆದಂತೆ ಅದರೊಳಗೆ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು ಗುಂಪುಗೂಡುತ್ತವೆ. ಕೊಬ್ಬಿನ ಕೋಶವು ಅಳತೆ ಮೀರಿ ಉಬ್ಬಿದಾಗ ಅದಕ್ಕೆ ಆಮ್ಲಜನಕ ಸಾಲದಾಗುತ್ತದೆ. ಕೆಲವು ಕೋಶಗಳು ಸಾಯುತ್ತವೆ. ಅವುಗಳ ಸುತ್ತ ಭಕ್ಷಕ ಕೋಶಗಳು ಕಿರೀಟದಂತೆ ಮುತ್ತಿ ಉರಿಯೂತದ ರಸಗಳನ್ನು ಸುರಿಸುತ್ತವೆ. ಆ ರಸಗಳು ರಕ್ತದಲ್ಲಿ ಬೆರೆತು ಯಕೃತ್ತನ್ನು ತಲುಪಿದಾಗ ಅದು ಸಿ-ರಿಯಾಕ್ಟಿವ್ ಪ್ರೋಟೀನನ್ನು ಹೆಚ್ಚು ಹೆಚ್ಚಾಗಿ ತಯಾರಿಸುತ್ತದೆ. ರಕ್ತಪರೀಕ್ಷೆಯಲ್ಲಿ ವೈದ್ಯರು ಅಳೆಯುವುದು ಇದನ್ನೇ.

ಇದೆಲ್ಲ ನಡುವಯಸ್ಸಿನವರ ಕಥೆಯೆಂದು ಯಾರಾದರೂ ಸಮಾಧಾನಪಟ್ಟುಕೊಂಡರೆ ಅದು ತಪ್ಪು. 8ರಿಂದ 16 ವರ್ಷದ ಅಮೆರಿಕನ್ ಮಕ್ಕಳ ಪರೀಕ್ಷೆಯಲ್ಲಿ, ತೂಕ ಹೆಚ್ಚಿದ್ದವರ ರಕ್ತದಲ್ಲಿ ಈ ಪ್ರೋಟೀನು ಹೆಚ್ಚಾಗಿರುವುದು 2001ರಲ್ಲೇ ವರದಿಯಾಯಿತು. ಜರ್ಮನಿಯ ಲೈಪ್‌ಜಿಗ್ ನಗರದ ವೈದ್ಯರು ಶಸ್ತ್ರಚಿಕಿತ್ಸೆಗೆ ಬಂದ ಮಕ್ಕಳ ಕೊಬ್ಬಿನ ತುಣುಕುಗಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸ್ಥೂಲ ಮಕ್ಕಳಲ್ಲಿ ಆರರ ಆಸುಪಾಸಿನ ವಯಸ್ಸಿನಿಂದಲೇ ಕೊಬ್ಬಿನ ಕೋಶಗಳು ಹಿಗ್ಗಿದ್ದವು, ಭಕ್ಷಕ ಕೋಶಗಳೂ ಬಂದು ಸೇರಿದ್ದವು. ಐವತ್ತರಲ್ಲಿ ಸಾಲ ಮಾಡಿದವನಿಗೂ ಆರನೆಯ ವಯಸ್ಸಿಗೇ ಸಾಲದ ಖಾತೆ ತೆರೆದವನಿಗೂ ಚಕ್ರಬಡ್ಡಿಯಲ್ಲಿ ಎಷ್ಟು ಅಂತರ ಬೀಳುತ್ತದೆಂಬುದನ್ನು ಲೆಕ್ಕ ಬಲ್ಲವರಿಗೆ ಹೇಳಬೇಕಾಗಿಲ್ಲ. ಮುಂದೆ ಬರುವ ಮಧುಮೇಹ, ರಕ್ತದೊತ್ತಡ, ಯಕೃತ್ತಿನಲ್ಲಿ ಕೊಬ್ಬು ತುಂಬುವಿಕೆ, ಹೃದ್ರೋಗ ಇವೆಲ್ಲ ಆ ಬಡ್ಡಿಯ ಕಂತುಗಳೇ.

ಪುಸ್ತಕವೊಂದೇ, ಸುತ್ತೋಲೆಗಳು ಬೇರೆ

ಇಲ್ಲಿ ಸಹಜವಾದ ಪ್ರಶ್ನೆಯೊಂದು ಏಳುತ್ತದೆ. ಒಂದೇ ಮನೆಯಲ್ಲಿ ಒಂದೇ ಪಾತ್ರೆಯ ಅನ್ನವನ್ನುಂಡ ಇಬ್ಬರು ಮಕ್ಕಳಲ್ಲಿ ಒಬ್ಬನ ಒಳಗೆ ಕಿಡಿ ಹೊತ್ತುವುದೇಕೆ, ಇನ್ನೊಬ್ಬನಲ್ಲಿ ಹೊತ್ತದಿರುವುದೇಕೆ? ವಂಶಪಾರಂಪರ್ಯವೆಂದು ಹೇಳಿ ಕೈತೊಳೆದುಕೊಳ್ಳುವುದು ಹಳೆಯ ಉತ್ತರ. ಅದು ಅರ್ಧ ಸತ್ಯ. ಎರಡು ಮೂರು ದಶಕಗಳಲ್ಲಿ ಇಡೀ ಜನಾಂಗದ ವಂಶವಾಹಿಗಳು ಬದಲಾಗಲಾರವು. ಆದರೆ ಸ್ಥೂಲ ಮಕ್ಕಳ ಸಂಖ್ಯೆ ಅಷ್ಟರಲ್ಲೇ ಬೆಳೆದುಬಿಟ್ಟಿದೆ. ಉಳಿದರ್ಧ ಸತ್ಯದ ಒಂದು ಮುಖ್ಯ ಭಾಗವನ್ನು ಎಪಿಜೆನೆಟಿಕ್ಸ್ ಎಂಬ ಶಾಸ್ತ್ರವು ಹೇಳುತ್ತದೆ. ಈ ಅರ್ಥದ ಬೀಜವಿರುವ ಶಬ್ದವನ್ನು 1942ರಲ್ಲಿ ಬ್ರಿಟನ್ನಿನ ಕಾನ್ರಾಡ್ ವಾಡಿಂಗ್ಟನ್ ಬಳಕೆಗೆ ತಂದರು.

ಒಂದು ದೊಡ್ಡ ಬ್ಯಾಂಕಿನ ಎಲ್ಲ ಶಾಖೆಗಳಿಗೂ ಬರುವ ನಿಯಮಾವಳಿಯ ಪುಸ್ತಕ ಒಂದೇ. ಆದರೂ ರೈತರ ಸಾಲದ ಶಾಖೆಯಲ್ಲಿ ಬಳಕೆಯಾಗುವ ಪುಟಗಳು ಬೇರೆ, ವಿದೇಶಿ ವಿನಿಮಯದ ಶಾಖೆಯಲ್ಲಿ ಬಳಕೆಯಾಗುವ ಪುಟಗಳು ಬೇರೆ. ಯಾವ ಪುಟ ಚಾಲ್ತಿಯಲ್ಲಿದೆ, ಯಾವುದನ್ನು ತಡೆಹಿಡಿಯಲಾಗಿದೆ ಎಂಬುದನ್ನು ಕಾಲಕಾಲಕ್ಕೆ ಬರುವ ಸುತ್ತೋಲೆಗಳು ತಿಳಿಸುತ್ತವೆ. ಪುಸ್ತಕದ ಅಕ್ಷರ ಬದಲಾಗುವುದಿಲ್ಲ. ಶಾಖೆಯ ನಡವಳಿಕೆ ಬದಲಾಗುತ್ತದೆ.

ದೇಹದ ಕಥೆಯೂ ಹೀಗೆಯೇ. ಪ್ರತಿಯೊಂದು ಜೀವಕೋಶದಲ್ಲಿಯೂ ಸುಮಾರು 20,000 ವಂಶವಾಹಿಗಳಿರುವ ಅದೇ ಡಿಎನ್‌ಎ ಪುಸ್ತಕವಿದೆ. ಬಿಡಿಸಿ ಎಳೆದರೆ ಸುಮಾರು 2 ಮೀಟರು ಉದ್ದವಾಗುವ ಈ ಎಳೆಯು ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳಿಗೆ ದಾರದಂತೆ ಸುತ್ತಿಕೊಂಡಿದೆ. ಎಳೆಯ ಮೇಲೆ ಅಲ್ಲಲ್ಲಿ ಮೆಥೈಲ್ ಎಂಬ ಚಿಕ್ಕ ರಾಸಾಯನಿಕ ಗುರುತು ಅಂಟಿಕೊಂಡರೆ ಸಾಮಾನ್ಯವಾಗಿ ಆ ಪುಟ ಮುಚ್ಚುತ್ತದೆ. ಹಿಸ್ಟೋನಿಗೆ ಅಸಿಟೈಲ್ ಗುರುತು ಬಿದ್ದರೆ ಸುತ್ತು ಸಡಿಲವಾಗಿ ಪುಟ ತೆರೆಯುತ್ತದೆ. ಇವೇ ದೇಹದ ಸುತ್ತೋಲೆಗಳು. ಜೀವಕೋಶವು ಒಡೆದು ಎರಡಾಗುವಾಗ ಮೆಥೈಲ್ ಗುರುತುಗಳು ಹೊಸ ಕೋಶಕ್ಕೂ ನಕಲಾಗುತ್ತವೆ. ಆದ್ದರಿಂದ ಒಮ್ಮೆ ಹೊರಟ ಸುತ್ತೋಲೆ ಬಹುಕಾಲ ಜಾರಿಯಲ್ಲಿರಬಲ್ಲುದು.

ಉರಿಯೂತದ ಪುಟಗಳಿಗೂ ಇಂಥ ಬೀಗಗಳಿವೆ. ಭಕ್ಷಕ ಕೋಶದೊಳಗಿನ ಟಿಎನ್‌ಎಫ್‌ನಂಥ ವಂಶವಾಹಿಗಳ ಪುಟ ಸಾಧಾರಣ ಸಮಯದಲ್ಲಿ ಮುಚ್ಚಿರಬೇಕು, ಸೋಂಕು ತಗುಲಿದಾಗ ತೆರೆಯಬೇಕು, ಕೆಲಸ ಮುಗಿದಾಗ ಮತ್ತೆ ಮುಚ್ಚಬೇಕು. ಅತಿಯಾದ ಕೊಬ್ಬು, ಅತಿಯಾದ ಸಕ್ಕರೆ, ನಿದ್ದೆಗೇಡು, ಚಲನೆಯಿಲ್ಲದ ಬಾಳು ಇವೆಲ್ಲ ಕೂಡಿದಾಗ ಆ ಬೀಗ ಸಡಿಲವಾಗಿಯೇ ಉಳಿಯುವ ಸಂಭವವಿದೆ. ಸಣ್ಣ ಕಾರಣಕ್ಕೂ ದೊಡ್ಡ ಗಲಾಟೆ ಮಾಡುವ ಕಾವಲುಗಾರನಂತೆ ಆ ಕೋಶಗಳು ವರ್ತಿಸತೊಡಗುತ್ತವೆ.

ಇಲ್ಲೊಂದು ವಿವೇಕದ ಮಾತನ್ನು ಸೇರಿಸಲೇಬೇಕು. ರಕ್ತದಲ್ಲಿ ಕಂಡ ಗುರುತೆಲ್ಲವೂ ಸ್ಥೂಲತೆಯ ಕಾರಣವಲ್ಲ. 2017ರಲ್ಲಿ ಪ್ರಕಟವಾದ ಒಂದು ಬೃಹತ್ ಅಧ್ಯಯನವು, ದೇಹತೂಕದೊಂದಿಗೆ ಹೊಂದಿಕೊಂಡ ಮೆಥೈಲ್ ಬದಲಾವಣೆಗಳಲ್ಲಿ ಹೆಚ್ಚಿನವು ಸ್ಥೂಲತೆಯ ಫಲವೇ ಹೊರತು ಅದರ ಮೂಲವಲ್ಲವೆಂದು ತೀರ್ಮಾನಿಸಿತು. ಕೊಬ್ಬು ಗುರುತನ್ನು ಬರೆಯುತ್ತದೆ. ಬರೆದ ಗುರುತು ಮುಂದಿನ ರೋಗಕ್ಕೆ ದಾರಿ ಮಾಡಬಲ್ಲುದು. ಹೀಗಿರುವಾಗ, ಮಗುವಿನ ಎಂಜಲನ್ನು ಕಳಿಸಿದರೆ ಭವಿಷ್ಯವನ್ನೇ ಹೇಳಿಬಿಡುವೆವೆಂದು ಪರೀಕ್ಷೆಗಳನ್ನು ಮಾರುವವರ ಮಾತಿಗೆ ಮನೆಯ ಹಣವನ್ನು ಸುರಿಯುವುದು ಜಾಣತನವಲ್ಲ. ಐವತ್ತು ರೂಪಾಯಿಯೂ ಬೀಳದ ಅಳತೆಪಟ್ಟಿಯೊಂದು ಸದ್ಯಕ್ಕೆ ಅದಕ್ಕಿಂತ ಹೆಚ್ಚು ಪ್ರಯೋಜನಕಾರಿ.

ಪುಣೆ ಮತ್ತು ಮೈಸೂರು ಕಲಿಸಿದ ಪಾಠ

ಈ ಶಾಸ್ತ್ರದಲ್ಲಿ ಜಗತ್ತು ಕಿವಿಗೊಟ್ಟು ಕೇಳುವ ಎರಡು ಊರುಗಳು ಕನ್ನಡಿಗರಿಗೆ ತೀರ ಹತ್ತಿರದವೆಂಬುದು ಅಭಿಮಾನದ ಸಂಗತಿ. ಒಂದು ಅವರು ನೆಲೆಸಿರುವ ಪುಣೆ. ಇನ್ನೊಂದು ಅವರ ತವರಿನ ಮೈಸೂರು.

ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರು 1993ರಲ್ಲಿ ಸುತ್ತಲಿನ ಆರು ಹಳ್ಳಿಗಳ ತಾಯಂದಿರನ್ನೂ ಅವರಿಗೆ ಹುಟ್ಟುವ ಮಕ್ಕಳನ್ನೂ ಅಭ್ಯಸಿಸಲು ಕೈಹಾಕಿದರು. ಅಲ್ಲಿಯ ಕೂಸುಗಳ ಸರಾಸರಿ ಜನನತೂಕ 2.7 ಕಿಲೋ, ಇಂಗ್ಲೆಂಡಿನ ಬಿಳಿಯ ಕೂಸುಗಳದು 3.5 ಕಿಲೋ. ಭಾರತದ ಕೂಸು ಎಲ್ಲದರಲ್ಲೂ ಚಿಕ್ಕದು. ಆದರೆ ಚರ್ಮದಡಿಯ ಕೊಬ್ಬಿನಲ್ಲಿ ಮಾತ್ರ ಅಷ್ಟೇನೂ ಹಿಂದುಳಿದಿರಲಿಲ್ಲ. ಸ್ನಾಯು ಕಡಿಮೆ, ಕೊಬ್ಬು ಹೆಚ್ಚು: ತೆಳ್ಳಗೆ ಕಾಣುವ ಕೊಬ್ಬಿನ ಕೂಸು! 2004ರಲ್ಲಿ ಯಾಜ್ಞಿಕರೂ ಅವರ ಸ್ನೇಹಿತ ಇಂಗ್ಲೆಂಡಿನ ಜಾನ್ ಯುಡ್ಕಿನ್ನರೂ ಅಕ್ಕಪಕ್ಕ ನಿಂತ ಚಿತ್ರವೊಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ಇಬ್ಬರ ದೇಹತೂಕದ ಸೂಚ್ಯಂಕವೂ 22.3, ಆದರೆ ಯುಡ್ಕಿನ್ನರ ದೇಹದಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕರ ದೇಹದಲ್ಲಿ ಶೇಕಡಾ 21.2. ತಕ್ಕಡಿ ಒಂದೇ ಹೇಳಿತು; ದೇಹದ ಒಳಲೆಕ್ಕ ಬೇರೆಯಾಗಿತ್ತು.

ಆ ಹಳ್ಳಿಗಳ ತಾಯಂದಿರಲ್ಲಿ ಸುಮಾರು ಮೂರನೆಯ ಎರಡರಷ್ಟು ಮಂದಿಗೆ ಬಿ12 ಜೀವಸತ್ವದ ಕೊರತೆಯಿತ್ತು. ಫೋಲೇಟ್ ಹೆಚ್ಚಾಗಿದ್ದು ಬಿ12 ಕಡಿಮೆಯಿದ್ದ ತಾಯಂದಿರ ಮಕ್ಕಳಲ್ಲಿ ಆರನೆಯ ವಯಸ್ಸಿಗೆ ಇನ್ಸುಲಿನ್ ಪ್ರತಿರೋಧವು ಎಲ್ಲರಿಗಿಂತ ಹೆಚ್ಚೆಂದು 2008ರಲ್ಲಿ ಪ್ರಕಟವಾಯಿತು. ಡಿಎನ್‌ಎ ಮೇಲೆ ಅಂಟುವ ಮೆಥೈಲ್ ಗುರುತನ್ನು ಸರಬರಾಜು ಮಾಡುವ ರಾಸಾಯನಿಕ ಸರಪಳಿಯಲ್ಲಿ ಫೋಲೇಟ್ ಮತ್ತು ಬಿ12 ಎರಡೂ ಕೊಂಡಿಗಳು ಎಂಬುದನ್ನು ಇಲ್ಲಿ ನೆನೆಯಬೇಕು. ಸುತ್ತೋಲೆ ಬರೆಯುವ ಮಸಿಯಲ್ಲೇ ಏರುಪೇರಾದರೆ ಬರಹ ನೆಟ್ಟಗಿರುವುದು ಹೇಗೆ?

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೂ ಹೆರಿಗೆಯ ದಾಖಲೆಗಳನ್ನು ಜತನದಿಂದ ಕಾಪಾಡಿಕೊಂಡು ಬಂದಿತ್ತು. ಯಾರೋ ಗುಮಾಸ್ತರು, ದಾದಿಯರು ಅಚ್ಚುಕಟ್ಟಾಗಿ ಬರೆದಿಟ್ಟ ಆ ಪುಸ್ತಕಗಳು ಅರ್ಧ ಶತಮಾನದ ನಂತರ ವಿಜ್ಞಾನಕ್ಕೆ ನಿಧಿಯಾದವು. ಅಲ್ಲಿ ಹುಟ್ಟಿದವರನ್ನು ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಹೃದ್ರೋಗ ಹೆಚ್ಚೆಂದು 1996ರಲ್ಲಿ ತಿಳಿದುಬಂದಿತು. ಅದೇ ಆಸ್ಪತ್ರೆಯಲ್ಲಿ 1997ರಲ್ಲಿ ಆರಂಭವಾದ ಮತ್ತೊಂದು ಅಧ್ಯಯನವು, ಬಸಿರಿನಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತು ಹತ್ತನೆಯ ವಯಸ್ಸಿಗೇ ಹೆಚ್ಚಿನ ಕೊಬ್ಬನ್ನೂ ಇನ್ಸುಲಿನ್ ಪ್ರತಿರೋಧವನ್ನೂ ಕಂಡಿತು. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆ ರೋಗಕ್ಕೂ ಸಲ್ಲುತ್ತದೆಯೆಂದು ಮೈಸೂರಿನ ದಾಖಲೆಗಳು ಸಾರಿದವು.

ಗರ್ಭದಲ್ಲಿ ಬಿದ್ದ ಗುರುತು ಎಷ್ಟು ಕಾಲ ಉಳಿಯಬಲ್ಲುದು? 1944-45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಭೀಕರ ಕ್ಷಾಮವಿತ್ತು. ಆ ಕ್ಷಾಮದಲ್ಲಿ ಗರ್ಭಾಂಕುರವಾದವರನ್ನು ಸುಮಾರು ಅರವತ್ತು ವರ್ಷಗಳ ಬಳಿಕ ಅವರ ಒಡಹುಟ್ಟಿದವರೊಂದಿಗೆ ಹೋಲಿಸಿ ನೋಡಿದಾಗ, ಬೆಳವಣಿಗೆಗೆ ಸಂಬಂಧಿಸಿದ ಐಜಿಎಫ್2 ವಂಶವಾಹಿಯ ಮೇಲಿನ ಮೆಥೈಲ್ ಗುರುತುಗಳು ಕಡಿಮೆಯಿದ್ದವು. ಇದು 2008ರ ವರದಿ. ಹೊಟ್ಟೆಯ ಹಸಿವನ್ನು ಮನಸ್ಸು ಮರೆತರೂ ಜೀವಕೋಶ ಮರೆಯಲಿಲ್ಲ.

ತಾಯಿಯೊಬ್ಬಳೇ ಹೊಣೆಯೆ?

ಇಷ್ಟನ್ನು ಓದಿದ ಕೂಡಲೇ ಸಮಾಜವು ಮಾಡುವ ಮೊದಲ ಕೆಲಸವೆಂದರೆ ತಾಯಿಯ ಮೇಲೆ ಹೊಸದೊಂದು ಆರೋಪ ಹೊರಿಸುವುದು. ಹಿಂದೆ ಕೈಗುಣ ಸರಿಯಿಲ್ಲವೆನ್ನುತ್ತಿದ್ದರು. ಇನ್ನು ಮುಂದೆ ಗರ್ಭಗುಣ ಸರಿಯಿಲ್ಲವೆನ್ನಬಹುದು. ಇದಕ್ಕಿಂತ ದೊಡ್ಡ ಅನ್ಯಾಯ ಬೇರಿಲ್ಲ. ಬಸಿರಿನಲ್ಲಿ ಬಿ12 ಕಡಿಮೆಯಿದ್ದ ಹಳ್ಳಿಯ ಹೆಣ್ಣುಮಗಳು ತನ್ನ ಇಚ್ಛೆಯಿಂದ ಹಾಗಿರಲಿಲ್ಲ; ಅವಳಿಗೆ ಹಾಲು ಮೊಸರು ದಕ್ಕುತ್ತಿದ್ದುದೇ ಕಡಿಮೆ. ನಗರದಲ್ಲಿ ಎಂಟು ತಾಸು ಕಚೇರಿ, ಎರಡು ತಾಸು ಬಸ್ಸು, ಅದರ ಮೇಲೆ ಅಡಿಗೆಮನೆ ಎಂದು ದುಡಿಯುವ ಗರ್ಭಿಣಿಗೆ ವ್ಯಾಯಾಮಕ್ಕೂ ನಿದ್ದೆಗೂ ಸಮಯವನ್ನು ಯಾರೂ ಉಳಿಸಿಕೊಟ್ಟಿರುವುದಿಲ್ಲ.

ತಂದೆಯೂ ಈ ಲೆಕ್ಕದಿಂದ ಹೊರಗಿಲ್ಲವೆಂದು ವಿಜ್ಞಾನ ಹೇಳುತ್ತದೆ. ತಂದೆಗೆ ಸ್ಥೂಲತೆಯಿದ್ದಾಗ ನವಜಾತ ಶಿಶುವಿನಲ್ಲಿ ಅದೇ ಐಜಿಎಫ್2 ವಂಶವಾಹಿಯ ಮೆಥೈಲ್ ಗುರುತುಗಳು ಕಡಿಮೆಯಿರುವುದನ್ನು 2013ರಲ್ಲಿ ಅಮೆರಿಕದ ಸಂಶೋಧಕರು ಕಂಡರು. ಪುಣೆಯ ತಂಡವು ತನ್ನ ಅಧ್ಯಯನದ ಮಕ್ಕಳು ಹದಿಹರೆಯಕ್ಕೆ ಬಂದಾಗ, ಮುಂದೆ ಹುಟ್ಟಬಹುದಾದ ಶಿಶುಗಳ ಆರೋಗ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಬಿ12 ಕೊಟ್ಟು ನೋಡುವ ಪ್ರಯೋಗವನ್ನು ಕೈಗೊಂಡಿತು. ಅದರಲ್ಲಿ ಹುಡುಗಿಯರನ್ನಷ್ಟೇ ಅಲ್ಲ, ಹುಡುಗರನ್ನೂ ಸೇರಿಸಿಕೊಂಡಿತು. ಮಗುವಿನ ಆರೋಗ್ಯವು ತಾಯಿ ತಂದೆಯರಿಬ್ಬರ ಜಂಟಿ ಖಾತೆ. ಸಂಜೆ ಮನೆಗೆ ಬಂದು ಫರ್ಸಾಣದ ತಟ್ಟೆಯೊಂದಿಗೆ ದೂರದರ್ಶನದ ಮುಂದೆ ಕೂರುವ ತಂದೆಗೆ ಮಗನ ಬಾಯಿ ಕಟ್ಟುವಂತೆ ಹೇಳುವ ಅಧಿಕಾರ ಎಲ್ಲಿಯದು?

ಇನ್ನು ಮಗುವಂತೂ ಈ ಮೊಕದ್ದಮೆಯಲ್ಲಿ ಸಂಪೂರ್ಣ ನಿರ್ದೋಷಿ. ತಾನು ಹುಟ್ಟುವ ಮೊದಲೇ ಬರೆಯಲ್ಪಟ್ಟ ಸುತ್ತೋಲೆಗಳಿಗೆ ಅದು ಉತ್ತರ ಕೊಡಲಾರದು. ತಾನು ವಾಸಿಸುವ ಕಟ್ಟಡದ ಅಂಗಳವೆಲ್ಲ ಕಾರುಗಳ ನಿಲ್ದಾಣವಾಗಿರುವುದಕ್ಕೂ, ಶಾಲೆಯ ಬಾಗಿಲಲ್ಲೇ ಕರಿದ ತಿಂಡಿಯ ಅಂಗಡಿಯಿರುವುದಕ್ಕೂ ಅದು ಕಾರಣವಲ್ಲ. ಹಂಗಿಸಿದರೆ ಮಗು ತೆಳ್ಳಗಾಗುವುದಿಲ್ಲ. ಅಡಗಿಸಿಕೊಂಡು ತಿನ್ನುವುದನ್ನು ಕಲಿಯುತ್ತದೆ, ಅಷ್ಟೆ.

ತಿದ್ದಬಹುದಾದ ಬರಹ

ಸುತ್ತೋಲೆಯ ಉಪಮಾನದಲ್ಲಿ ಒಂದು ಆಶ್ವಾಸನೆಯೂ ಅಡಗಿದೆ. ಪುಸ್ತಕವನ್ನು ಬದಲಿಸಲಾಗದು, ಸುತ್ತೋಲೆಯನ್ನು ಹಿಂತೆಗೆದುಕೊಳ್ಳಬಹುದು.

ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ತೀವ್ರ ಸ್ಥೂಲತೆಗಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ತಾಯಂದಿರ ಮಕ್ಕಳನ್ನು ಪರೀಕ್ಷಿಸಿದರು. ಒಂದೇ ತಾಯಿಗೆ ಚಿಕಿತ್ಸೆಯ ಮೊದಲು ಹುಟ್ಟಿದ ಮಗು ಮತ್ತು ಆನಂತರ ಹುಟ್ಟಿದ ಮಗು, ಇವರಿಬ್ಬರ ರಕ್ತದಲ್ಲಿ ರೋಗನಿರೋಧಕ ಮತ್ತು ಉರಿಯೂತದ ವಂಶವಾಹಿಗಳ ಮೆಥೈಲ್ ಗುರುತುಗಳು ಬೇರೆ ಬೇರೆಯಾಗಿದ್ದವೆಂದು 2013ರಲ್ಲಿ ಪ್ರಕಟವಾಯಿತು. ತಾಯಿಯ ದೇಹಸ್ಥಿತಿ ಬದಲಾದರೆ ಮಗುವಿಗೆ ಸಿಗುವ ಸುತ್ತೋಲೆಯೂ ಬದಲಾಗುತ್ತದೆಂಬುದಕ್ಕೆ ಇದಕ್ಕಿಂತ ನೇರವಾದ ಸೂಚನೆ ಬೇಕಿಲ್ಲ. ಸ್ವೀಡನ್ನಿನಲ್ಲಿ ಆರು ತಿಂಗಳು ನಿಯಮಿತವಾಗಿ ವ್ಯಾಯಾಮ ಮಾಡಿದ ನಡುವಯಸ್ಸಿನ ಗಂಡಸರ ಕೊಬ್ಬಿನ ಅಂಗಾಂಶದಲ್ಲಿ ಮೆಥೈಲ್ ಗುರುತುಗಳು ಬದಲಾದುದನ್ನು ಅದೇ ವರ್ಷ ವರದಿ ಮಾಡಿದರು.

ಆದರೆ ಅಳಿಸುವುದು ಸುಲಭವೆಂಬ ಭ್ರಮೆಯೂ ಬೇಡ. 2024ರಲ್ಲಿ ಜ್ಯೂರಿಕ್‌ನ ಸಂಶೋಧಕರು, ತೂಕ ಇಳಿದ ಮೇಲೂ ಮನುಷ್ಯರ ಮತ್ತು ಇಲಿಗಳ ಕೊಬ್ಬಿನ ಕೋಶಗಳಲ್ಲಿ ಹಿಂದಿನ ಸ್ಥೂಲತೆಯ ನೆನಪು ಉಳಿದಿರುವುದನ್ನು ತೋರಿಸಿದರು. ಇಳಿದ ತೂಕ ಮತ್ತೆ ಮತ್ತೆ ಏರುವುದಕ್ಕೆ ಇದೂ ಒಂದು ಕಾರಣವಿರಬಹುದು. ಆದ್ದರಿಂದಲೇ ಬರೆದು ಅಳಿಸುವುದಕ್ಕಿಂತ ಬರೆಯದಂತೆ ನೋಡಿಕೊಳ್ಳುವುದು ಲೇಸು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?

ಮನೆಯಲ್ಲಿ ಮಾಡಬೇಕಾದುದೇನೂ ರಹಸ್ಯವಲ್ಲ. ಮಗುವಿನ ಸೊಂಟದ ಸುತ್ತಳತೆ ಅದರ ಎತ್ತರದ ಅರ್ಧವನ್ನು ಮೀರಬಾರದು. ಮೀರಿದ್ದರೆ ವೈದ್ಯರಲ್ಲಿ ವಿಚಾರಿಸಬೇಕು. ಬೆಳೆಯುವ ಮಗುವನ್ನು ಉಪವಾಸ ಕೆಡವಬಾರದು. ತೂಕವನ್ನು ಇದ್ದಲ್ಲಿಯೇ ಹಿಡಿದು ನಿಲ್ಲಿಸಿದರೆ ಅನೇಕ ಮಕ್ಕಳು ಎತ್ತರ ಬೆಳೆದು ತಾವಾಗಿಯೇ ಸರಿಹೋಗುತ್ತಾರೆ. ದಿನಕ್ಕೆ 60 ನಿಮಿಷ ಬೆವರುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ರಾಥಮಿಕ ಶಾಲೆಯ ಮಗುವಿಗೆ 9 ತಾಸಿಗೆ ಕಡಿಮೆಯಿಲ್ಲದ ನಿದ್ದೆ ಬೇಕು. 300 ಮಿಲಿಲೀಟರಿನ ಒಂದು ಬಾಟಲಿ ತಂಪು ಪಾನೀಯದಲ್ಲಿ ಏಳೆಂಟು ಚಮಚ ಸಕ್ಕರೆ ಕರಗಿರುತ್ತದೆ. ಅದೇ ಸಕ್ಕರೆಯನ್ನು ತಟ್ಟೆಯಲ್ಲಿಟ್ಟು ತಿನ್ನಿಸಲು ಯಾವ ತಾಯಿಯೂ ಒಪ್ಪಲಾರಳು. ಗರ್ಭಿಣಿಯರು, ವಿಶೇಷವಾಗಿ ಶಾಕಾಹಾರಿಗಳು, ಬಿ12 ಮತ್ತು ರಕ್ತದ ಸಕ್ಕರೆಯ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳುವುದು ಕ್ಷೇಮ. ಜೋಳದ ರೊಟ್ಟಿ, ಹೆಸರುಕಾಳಿನ ಉಸಲಿ, ಸೊಪ್ಪಿನ ಪಲ್ಯ, ಕೋಸಂಬರಿ, ಮಜ್ಜಿಗೆ ಇವುಗಳನ್ನು ಕನ್ನಡಿಗರಿಗೆ ಯಾವ ವಿದೇಶಿ ತಜ್ಞನೂ ಬಂದು ಕಲಿಸಬೇಕಾಗಿಲ್ಲ. ಊರು ಬಿಟ್ಟು ಬಂದಾಗ ಟ್ರಂಕಿನಲ್ಲಿ ಹಾಕಿಕೊಳ್ಳಲು ಮರೆತ ವಸ್ತುಗಳಿವು.

ಸಂಘಗಳು ಏನು ಮಾಡಬಹುದು?

2022ರ ಅಂದಾಜಿನಂತೆ ಭಾರತದಲ್ಲಿ 5ರಿಂದ 19 ವರ್ಷದೊಳಗಿನ ಸುಮಾರು 1.25 ಕೋಟಿ ಮಕ್ಕಳಿಗೆ ಸ್ಥೂಲತೆಯಿದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಅತಿತೂಕದವರ ಪ್ರಮಾಣ 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇಕಡಾ 2.1 ಇದ್ದುದು 2019-21ರಲ್ಲಿ 3.4ಕ್ಕೆ ಏರಿತು. ಅದೇ ಸಮೀಕ್ಷೆಯಲ್ಲಿ ಶೇಕಡಾ 35.5 ಮಕ್ಕಳ ಎತ್ತರ ವಯಸ್ಸಿಗೆ ತಕ್ಕಷ್ಟಿರಲಿಲ್ಲ. ಹಸಿವು ಮತ್ತು ಅಜೀರ್ಣ ಒಂದೇ ಬೀದಿಯಲ್ಲಿ ಎದುರುಬದುರಾಗಿ ವಾಸಿಸುತ್ತಿವೆ.

ಸರ್ಕಾರದ ಕಡೆಯಿಂದ ನಿಯಮಗಳಿಗೆ ಕೊರತೆಯಿಲ್ಲ. ಶಾಲೆಯ ಆವರಣದಲ್ಲೂ ಅದರ ಸುತ್ತಲಿನ 50 ಮೀಟರಿನಲ್ಲೂ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಗಳನ್ನು ಮಾರಬಾರದೆಂಬ ನಿಯಮ 2020ರಲ್ಲಿಯೇ ಬಂದಿದೆ. 2025ರಲ್ಲಿ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು ಶಾಲೆಗಳಲ್ಲಿ ಸಕ್ಕರೆಯ ಪ್ರಮಾಣ ತಿಳಿಸುವ ಫಲಕಗಳನ್ನು ಹಾಕಲು ಸೂಚಿಸಿತು. ಆದರೆ ನಿಯಮವು ಕಾಗದದಿಂದ ಬೀದಿಗೆ ಇಳಿಯಬೇಕಾದರೆ ಅದನ್ನು ಕೇಳುವ ಪಾಲಕರಿರಬೇಕು. ಒಬ್ಬ ಪಾಲಕ ಕೇಳಿದರೆ ತಕರಾರು. ನಲವತ್ತು ಪಾಲಕರು ಕೇಳಿದರೆ ಮನವಿಪತ್ರ.

ಕನ್ನಡ ಸಂಘಗಳು ಮೊದಲು ತಮ್ಮ ಪಂಕ್ತಿಯನ್ನೇ ನೋಡಿಕೊಳ್ಳಬೇಕಾದೀತು. ರಾಜ್ಯೋತ್ಸವದ ದಿನ ಮಕ್ಕಳಿಗೆ ಹಾಡು ಹೇಳಿದ್ದಕ್ಕೊಂದು ಚಾಕೊಲೇಟು, ನೃತ್ಯಕ್ಕೊಂದು ಬಿಸ್ಕತ್ತಿನ ಪೊಟ್ಟಣ, ಊಟಕ್ಕೆ ಎರಡು ಬಗೆಯ ಸಿಹಿ, ಮೇಲೊಂದು ತಂಪು ಪಾನೀಯ! ಪ್ರೀತಿಯನ್ನು ತೋರಿಸಲು ಸಕ್ಕರೆಯೊಂದೇ ಭಾಷೆಯೆಂಬಂತೆ ನಡೆದುಬಂದಿದೆ. ಹಬ್ಬದ ದಿನ ಒಂದು ಹೋಳಿಗೆ ತಿಂದರೆ ಯಾರ ವಂಶವಾಹಿಯೂ ಕೆಡುವುದಿಲ್ಲ. ಕೆಡುವುದು ಪ್ರತಿದಿನವನ್ನೂ ಹಬ್ಬ ಮಾಡಿಕೊಂಡಾಗ. ಬಹುಮಾನವಾಗಿ ಪುಸ್ತಕ, ಹಗ್ಗ, ಚೆಂಡು ಕೊಡಬಹುದು. ಸಂಘದ ವಾಚನಾಲಯಕ್ಕೆ ಜಾಗ ದೊರಕಿಸಿದವರು ಭಾನುವಾರ ಬೆಳಿಗ್ಗೆ ಎರಡು ತಾಸು ಹತ್ತಿರದ ಶಾಲೆಯ ಮೈದಾನವನ್ನು ಕೇಳಿ ಪಡೆಯುವುದು ಅಸಾಧ್ಯವೇನಲ್ಲ. ಖೋಖೋ, ಲಗೋರಿ, ಕುಂಟೆಬಿಲ್ಲೆ ಆಡುತ್ತ ಮಕ್ಕಳು ಬೆವರನ್ನೂ ಸುರಿಸಿಯಾರು, ಕನ್ನಡವನ್ನೂ ಮಾತಾಡಿಯಾರು. ಸದಸ್ಯರಲ್ಲಿ ವೈದ್ಯರಿದ್ದೇ ಇರುತ್ತಾರೆ. ವರ್ಷಕ್ಕೊಮ್ಮೆ ಮಕ್ಕಳ ಎತ್ತರ ಸೊಂಟಗಳನ್ನು ಅಳೆದು, ಅಂಕೆಯನ್ನು ಸಭೆಯಲ್ಲಿ ಓದದೆ, ಪಾಲಕರಿಗೆ ಮಾತ್ರ ಲಕೋಟೆಯಲ್ಲಿ ಕೊಡುವ ಏರ್ಪಾಡು ಮಾಡಬಹುದು.

ಇನ್ನು ಆ ಅಜ್ಜಿ. ಅವರನ್ನು ಈ ಕಾರ್ಯದಿಂದ ಹೊರಗಿಡುವುದು ಮೂರ್ಖತನ. ರೊಟ್ಟಿ ತಟ್ಟುವ ಕೈ ಅವರದು. ಕಾಳು ನೆನೆಸಿ ಮೊಳಕೆ ಬರಿಸುವ ವಿದ್ಯೆ ಅವರದು. ಸಂಜೆ ಮೊಮ್ಮಗನ ಕೈಹಿಡಿದು ಕಥೆ ಹೇಳುತ್ತ ನಾಲ್ಕು ಸುತ್ತು ನಡೆಯಲು ಬಿಡುವಿರುವುದೂ ಆ ಮನೆಯಲ್ಲಿ ಅವರೊಬ್ಬರಿಗೇ. ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯಲಿ, ಬೇಡವೆನ್ನುವವರಾರು? ಆದರೆ ಕೂಸಿಗೆ ತಗಲಿರುವ ನಿಜವಾದ ದೃಷ್ಟಿ ನೆರೆಯವರದಲ್ಲ. ಅದು ಒಳಗಿನ ಕೆಂಡ. ಅದನ್ನು ಆರಿಸುವ ನೀರು ಮನೆಯ ಎಲ್ಲರ ಕೈಯಲ್ಲಿಯೂ ಒಂದೊಂದು ಬೊಗಸೆಯಿದೆ. ಯಾರ ಕೈ ದೋಷಿಯೆಂದು ಹುಡುಕುತ್ತ ನಿಂತರೆ ಆ ನೀರು ಬೆರಳಸಂದಿಯಲ್ಲಿ ಸೋರಿಹೋಗುತ್ತದೆ.